ಹೊರಡುವ ಹೊತ್ತಿನ ಊಟ

ಕಸಾಯಿಖಾನೆಯ ಅಂಗಳದಲ್ಲಿ ಲಾರಿ ನಿಲ್ಲಿಸಿ ಎಂಜಿನ್ ಆರಿಸಿದ ಮೇಲೂ ಡ್ರೈವರ್ ಆಮೆ ತಟ್ಟನೆ ಇಳಿಯುವವನಲ್ಲ. ಒಂದು ನಿಮಿಷ ಸ್ಟೀರಿಂಗ್ ಮೇಲೆ ಕೈಯಿಟ್ಟುಕೊಂಡೇ ಕೂತು ಹಿಂದಿನ ಸದ್ದಿಗೆ ಕಿವಿಗೊಡುತ್ತಾನೆ. ಗುಟುರು, ಗೊಣಗಾಟ, ಕಂಬಿಗೆ ಮೈ ತಿಕ್ಕುವ ಸದ್ದು ಬಂದರೆ ಎಲ್ಲ ನೆಟ್ಟಗಿದೆ ಎಂದು ಅರ್ಥ. ಇಪ್ಪತ್ತೆರಡು ವರ್ಷ ಹಂದಿ ಸಾಗಿಸಿದವನ ಕಿವಿಗೆ ಸದ್ದಿಗಿಂತ ಸದ್ದಿಲ್ಲದ ಮೂಲೆಯೇ ಬೇಗ ಕೇಳಿಸುತ್ತದೆ. ಅವತ್ತು ಹಿಂದಿನ ಬಲ ಮೂಲೆ ಸುಮ್ಮನಿತ್ತು.

ಇಳಿದು ನೋಡಿದ. ಎರಡು ಬಿದ್ದಿದ್ದವು. ಉಳಿದವು ಅವನ್ನು ತುಳಿಯದಂತೆ ಒತ್ತಿಕೊಂಡು ಆಚೆ ನಿಂತಿದ್ದವು.

ಆಮೆ ಎಂಬುದು ಅವನ ತಂದೆ ತಾಯಿ ಇಟ್ಟ ಹೆಸರಲ್ಲ. ತಿರುವುಗಳಲ್ಲಿ ಅವನ ಲಾರಿ ತುಂಬು ಬಸುರಿ ಮೆಟ್ಟಿಲಿಳಿದ ಹಾಗೆ ಇಳಿಯುತ್ತಿತ್ತು. ಹಿಂದೆ ಹಾರ್ನ್ ಹೊಡೆದು ಹೊಡೆದು ಬೇಸತ್ತ ಯಾವನೋ ಇಟ್ಟ ಹೆಸರು ಹಾಗೇ ಅಂಟಿಕೊಂಡಿತ್ತು. ಅವನಿಗೂ ಅದರ ಬಗ್ಗೆ ಒಳಗೊಳಗೇ ಒಂದು ಹೆಮ್ಮೆ. ಬೇರೆಯವರ ಲಾರಿಯಲ್ಲಿ ಹಂದಿ ಸತ್ತರೆ ಅವರು ಓಡಿಸಿದ ರೀತಿಗೆ ಸತ್ತಿತು ಎನ್ನಬಹುದು, ತನ್ನ ಲಾರಿಯಲ್ಲಿ ಹಾಗಾಗದು ಎಂದು ನಂಬಿಕೊಂಡಿದ್ದ. ಬಿಸಿಲುಗಾಲ ಶುರುವಾದ ಮೇಲೆ ಆ ನಂಬಿಕೆ ಬುಡ ಸಮೇತ ಅಲುಗಾಡಿತ್ತು. ಹಂದಿ ಸಾಕುವ ಅಕ್ಕನ ಮನೆಯಿಂದ ಹೊರಟ ನಾಲ್ಕು ಸಾಗಣೆಯಲ್ಲಿ ಇದೂ ಸೇರಿ ಒಟ್ಟು ಏಳು ಸತ್ತಿದ್ದವು.

"ಏನ್ ಆಮೆಯಣ್ಣ," ಎಂದ ಗೇಟಿನವನು, ಬೀಡಿ ಬಾಯಿಂದ ತೆಗೆಯದೆಯೇ. "ಬೇಗ ಓಡಿಸೋರು ಸುಖವಾಗಿ ತಂದಿಳಿಸ್ತಾರೆ. ನೀನು ಇಷ್ಟು ಜೋಪಾನವಾಗಿ ಬಂದು ಹೆಣ ಇಳಿಸ್ತೀಯಲ್ಲೋ."

ಆಮೆ ಇನ್ನೇನು ಮಾಡಬೇಕಿತ್ತು? ಲಾರಿಯ ಪಕ್ಕದ ಹಲಗೆಗಳನ್ನು ಕಿತ್ತು ಗಾಳಿ ಆಡುವಂತೆ ಸಂದು ಬಿಟ್ಟಿದ್ದ. ನೆಲಕ್ಕೆ ಹುಲ್ಲು ಹಾಸಿ ಮೇಲೆ ನೀರು ಚಿಮುಕಿಸಿದ್ದ. ನಲವತ್ತು ಹಿಡಿಸುವ ಜಾಗದಲ್ಲಿ ಮೂವತ್ತೇ ತುಂಬಿದ್ದ. ಹಂದಿಗೆ ಚುಚ್ಚಿ ಅಟ್ಟುವ ಕರೆಂಟು ಕೋಲನ್ನಂತೂ ಅವನು ಕೈಯಲ್ಲೇ ಹಿಡಿದವನಲ್ಲ. ಬೇರೆ ಮನೆಗಳ ಹಂದಿ ತಂದಾಗ ಒಂದೂ ಸಾಯುತ್ತಿರಲಿಲ್ಲ. ಆದರೆ ಅವೆಲ್ಲ ಒಂದು ಗಂಟೆಯ ದಾರಿ, ಅಕ್ಕನ ಮನೆಯದು ಮೂರು ಗಂಟೆಯದು. ದೂರವೇ ಕೊಲ್ಲುತ್ತಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡಿದ್ದ.

ಕಸಾಯಿಖಾನೆಯ ಡಾಕ್ಟರಮ್ಮ ಬಂದಳು. ವಯಸ್ಸಿನಲ್ಲಿ ಅವನ ಮಗಳಷ್ಟು, ಮೊಣಕಾಲುದ್ದದ ರಬ್ಬರ್ ಬೂಟು. ಬಿದ್ದ ಹಂದಿಯ ಕಿವಿ ಮುಟ್ಟಿ, ಕಣ್ಣಿನ ರೆಪ್ಪೆ ಎತ್ತಿ ನೋಡಿ ಎದ್ದು ನಿಂತಳು.

"ಅಣ್ಣ, ನಿಮ್ಮ ಮೇಲೆ ನನಗೆ ಕೋಪ ಇಲ್ಲ," ಎಂದಳು. "ಆದ್ರೆ ಇಲ್ಲಿ ನಿಯಮ ಒಂದಿದೆ. ಇನ್ನೊಂದು ಸಲ ಸತ್ತ ಹಂದಿ ಬಂದ್ರೆ ನಿಮ್ಮ ಲಾರೀನ ಗೇಟಿನೊಳಗೆ ಬಿಡೋಕೆ ನನ್ನ ಕೈಲಾಗಲ್ಲ."

ಈ ಗೇಟು ಬಿಟ್ಟರೆ ಸುತ್ತಮುತ್ತ ಬೇರೆ ಗೇಟಿಲ್ಲ. ಐವತ್ತೈದು ಹೊಸ ಕಸುಬು ಕಲಿಯುವ ವಯಸ್ಸೂ ಅಲ್ಲ.

"ಒಂದು ಉಪಕಾರ ಮಾಡಿ," ಎಂದ ಆಮೆ. "ಇದನ್ನ ಕೊಯ್ದು ನೋಡಿ. ಯಾಕೆ ಸತ್ತಿತು ಅಂತಾದ್ರೂ ಗೊತ್ತಾಗ್ಲಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಗಬಾರದು."

ಡಾಕ್ಟರಮ್ಮ ಸರಿ ಎಂದಳು.

ಹಿಂದಿನ ಶೆಡ್ಡಿನ ಸಿಮೆಂಟು ಕಟ್ಟೆಯ ಮೇಲೆ ಹಂದಿಯನ್ನು ಮಲಗಿಸಿ ಕೊಯ್ದಳು. ಆಮೆ ಬಾಗಿಲ ಬಳಿ ನಿಂತಿದ್ದ. ಅವಳು ಹೊಟ್ಟೆಯ ಚೀಲವನ್ನು ಬಿಡಿಸಿ ತಟ್ಟೆಗೆ ಸುರಿದಳು. ಅರ್ಧ ಬಕೆಟ್ ತುಂಬುವಷ್ಟಿತ್ತು.

"ಯಾವಾಗ ತಿನ್ನಿಸಿದ್ರು?"

"ತಿನ್ನಿಸಿಲ್ಲ ತಾಯಿ. ಆ ಮನೇಲಿ ಹೊರಡೋ ಹಂದಿಗೆ ಏನೂ ಹಾಕಲ್ಲ. ನಮ್ಮ ಭಾವನ ಕಾಲದಿಂದ ಹಾಗೇನೆ."

"ಬನ್ನಿ ಇಲ್ಲಿ. ಇದು ಜೋಳ, ಕಾಳು ಕಾಳಾಗೇ ಇದೆ. ಇದು ಆಲೂಗಡ್ಡೆ, ಸಿಪ್ಪೆ ತೆಗೆದಿದಾರೆ. ತೌಡು. ವಾಸನೆ ನೋಡಿ, ಕಾಕಂಬಿ. ಹೊರಡೋಕೆ ಒಂದು ಗಂಟೆ ಮೊದಲು ತಿಂದಿರೋದು." ಗ್ಲೌಸು ಕಳಚುತ್ತ ಅವಳು ಮೆಲ್ಲಗೆ ಹೇಳಿದಳು: "ಹಂದಿಗೆ ನಮ್ಮ ಹಾಗೆ ಬೆವರು ಬರಲ್ಲ ಅಣ್ಣ. ಅಷ್ಟು ದೊಡ್ಡ ಮೈಗೆ ಹೃದಯ ಚಿಕ್ಕದು. ಹೊಟ್ಟೆ ತುಂಬ ತಿಂದು ಲಾರಿ ಹತ್ತಿದ್ರೆ ಕುಲುಕಾಟಕ್ಕೆ ವಾಂತಿ ಬರುತ್ತೆ, ಹೊಟ್ಟೆ ಉಬ್ಬಿ ಉಸಿರಿಗೆ ಜಾಗ ಇರಲ್ಲ. ಚಳಿಗಾಲದಲ್ಲಿ ಹೇಗೋ ತಡ್ಕೊಳ್ತವೆ. ಬಿಸಿಲಲ್ಲಿ ಆಗಲ್ಲ. ಹನ್ನೆರಡು ಗಂಟೆ ಮುಂಚೆ ಊಟ ನಿಲ್ಲಿಸಬೇಕು. ನೀರು ಮಾತ್ರ ಎಷ್ಟು ಬೇಕಾದ್ರೂ."

ಆಮೆ ತಟ್ಟೆಯನ್ನೇ ನೋಡುತ್ತ ನಿಂತ.

"ಯಾರೋ ತುಂಬ ಪ್ರೀತಿಯಿಂದ ಬೇಯಿಸಿದಾರೆ," ಎಂದಳು ಡಾಕ್ಟರಮ್ಮ.

ಯಾರು ಎಂಬುದು ಅವನಿಗೆ ಆಗಲೇ ಗೊತ್ತಾಗಿತ್ತು.

ಭಾವ ಎಂದರೆ ಉಗುರಿಗೂ ಲೆಕ್ಕವಿಟ್ಟು ಕತ್ತರಿಸುವ ಮನುಷ್ಯ. ಹೊರಡುವ ಹಿಂದಿನ ದಿನವೇ ಅವನು ತೊಟ್ಟಿ ಖಾಲಿ ಮಾಡಿಸುತ್ತಿದ್ದ. "ನಾಳೆ ಹೋಗೋ ಹಂದಿ ತಿಂದು ಯಾರಿಗೆ ಉದ್ಧಾರ? ತೌಡು ದಂಡ," ಎನ್ನುತ್ತಿದ್ದ. ಅಕ್ಕ ಮೂವತ್ತು ವರ್ಷ ಅದೊಂದಕ್ಕೇ ಅವನೊಡನೆ ಜಗಳವಾಡಿದ್ದಳು. ಹುಟ್ಟಿದ ದಿನದಿಂದ ಕೈತುತ್ತು ಕೊಟ್ಟು ಬೆಳೆಸಿದ ಜೀವವನ್ನು ಕೊನೆಯ ದಿನ ಹಸಿದ ಹೊಟ್ಟೆಯಲ್ಲಿ ಬಾಗಿಲು ದಾಟಿಸುವುದು ಅವಳ ಪಾಲಿಗೆ ಪಾಪದಲ್ಲಿ ಪಾಪ. ಹೋದ ವರ್ಷ ಲಕ್ವ ಹೊಡೆದು ಭಾವನ ಎಡಗೈ ಎಡಗಾಲು ಬಿದ್ದುಹೋಗಿ ಅವನು ಕುರ್ಚಿ ಹಿಡಿದ. ದೊಡ್ಡಿಯ ಯಜಮಾನಿಕೆ ಅಕ್ಕನ ಕೈಗೆ ಬಂತು. ಅಂದಿನಿಂದ ನಸುಕಿಗೆ ಮುಂಚೆ ಎದ್ದು, ಹಂಡೆ ಏರಿಸಿ, ಬೇಯಿಸಿ ಬಡಿಸಿ, ತಮ್ಮನ ಲಾರಿ ಬರುವುದರೊಳಗೆ ತೊಟ್ಟಿ ತೊಳೆದಿಡುತ್ತಿದ್ದಳು. ಅದು ಬಚ್ಚಿಡುವುದಕ್ಕಲ್ಲ, ಉಂಡ ಪಾತ್ರೆ ತೊಳೆಯದೆ ಬಿಡುವವಳಲ್ಲ ಅವಳು.

ಆಮೆ ಅವತ್ತು ಸಂಜೆಯೇ ಅಕ್ಕನ ಮನೆಗೆ ಹೋದ. ಭಾವ ಹಿತ್ತಿಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಅಕ್ಕ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

"ಬಾರೋ ತಮ್ಮ. ಹೊತ್ತಲ್ಲದ ಹೊತ್ತಲ್ಲಿ ಬಂದಿದೀಯ. ಎಲ್ಲ ಸರಿ ಇಳಿದ್ವಾ?"

"ಎರಡು ಹೋದ್ವು."

ಅಕ್ಕನ ಕೈ ನಿಂತಿತು. "ಯಾವುವು?"

"ಒಂದು ಕಿವಿಗೆ ಕಪ್ಪು ಮಚ್ಚೆ ಇದ್ದಿದ್ದು."

"ಅಯ್ಯೋ, ಅದು ಬೆಳಗ್ಗೆ ಎಷ್ಟು ಚೆನ್ನಾಗಿ..." ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಈರುಳ್ಳಿಗೋ ಹಂದಿಗೋ ಹೇಳಲಾಗುತ್ತಿರಲಿಲ್ಲ.

ಆಮೆ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತು ಸುತ್ತಿಸಿದ. ಬಿಸಿಲು ಜೋರು ಎಂದ. ರಸ್ತೆ ಕೆಟ್ಟಿದೆ ಎಂದ. ಡಾಕ್ಟರಮ್ಮ ಒಳ್ಳೆಯ ಹುಡುಗಿ, ಏನೇನೋ ಓದಿಕೊಂಡಿದ್ದಾಳೆ, ಪ್ರಯಾಣಕ್ಕೆ ಮುಂಚೆ ಪ್ರಾಣಿಗಳಿಗೆ ಊಟ ಸ್ವಲ್ಪ ಕಮ್ಮಿ ಇದ್ದರೆ ಒಳ್ಳೆಯದಂತೆ ಎಂದ. ಅಕ್ಕ ಚಾಕು ಕೆಳಗಿಟ್ಟಳು.

"ನೆಟ್ಟಗೆ ಹೇಳು. ಸುತ್ತಿ ಬಳಸಿ ಮಾತಾಡೋಕೆ ನಾನೇನು ನಿನ್ನ ಬೀಗಿತ್ತಿಯಾ?"

ನುಂಗಲಾರದ ಉಗುಳಲಾರದ ತುತ್ತು. ಕೊನೆಗೆ ಆಮೆ ಉಗುಳಿದ. ಶೆಡ್ಡು, ಕಟ್ಟೆ, ತಟ್ಟೆಯಲ್ಲಿ ಕಂಡದ್ದು, ಉಸಿರಿಗೆ ಜಾಗವಿಲ್ಲದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿದ. ಲಾರಿಯನ್ನು ಗೇಟಿನೊಳಗೆ ಬಿಡುವುದಿಲ್ಲ ಎಂದ ಮಾತನ್ನು ಮಾತ್ರ ಹೇಳಲಿಲ್ಲ.

ಮೊದಲು ಸದ್ದು ಮಾಡಿದವನು ಭಾವ. ಅವನ ನಗು ಅರ್ಧ ಬಾಯಿಯಲ್ಲೇ ಬರುತ್ತಿತ್ತು, ಆದರೂ ಅದು ಇಡೀ ನಗು.

"ಕೇಳಿದ್ಯೇನೇ? ಮೂವತ್ತು ವರ್ಷ ನನ್ನ ಜಿಪುಣ ಅಂದೆ, ಕಟುಕ ಅಂದೆ. ನನ್ನ ಕೈಲಿ ಎಷ್ಟು ಸತ್ವು ದಾರೀಲಿ? ಹೇಳು."

"ನೀವು ತೌಡು ಉಳಿಸೋಕೆ ಹಾಕ್ಲಿಲ್ಲ," ಎಂದಳು ಅಕ್ಕ.

"ಯಾತಕ್ಕಾದ್ರೂ ಆಗ್ಲಿ. ಹಂದಿ ಉಳೀತಲ್ಲ."

ಅಕ್ಕ ಎದ್ದು ದೊಡ್ಡಿಯ ಕಡೆ ನಡೆದುಬಿಟ್ಟಳು. ಅವಳು ಒಳಗೆ ಕಾಲಿಟ್ಟದ್ದೇ ತಡ, ಹಂದಿಗಳೆಲ್ಲ ಎದ್ದು ತೊಟ್ಟಿಯ ಬಳಿ ಸೇರಿದವು. ಆಮೆ ಹಿಂದೆ ಹೋಗಿ ಗೋಡೆಗೆ ಒರಗಿ ನಿಂತ.

"ಏಳನ್ನ ನಾನೇ ಕೊಂದೆ ಅನ್ನು," ಎಂದಳು ಅವನ ಕಡೆ ತಿರುಗದೆ.

"ಹಾಗಂದ್ನಾ ನಾನು?"

"ಅನ್ನೋದೇನು, ಲೆಕ್ಕ ಎಲ್ರಿಗೂ ಬರುತ್ತೆ. ಆ ಡಾಕ್ಟರಮ್ಮ ಓದಿರಬಹುದು. ಹಸಿವು ಏನು ಅಂತ ಅವಳಿಗೇನು ಗೊತ್ತು? ಅಮ್ಮ ತೀರಿಹೋದ ವರ್ಷ ನಾವಿಬ್ರೂ ಏನ್ ತಿಂದ್ವಿ, ನೆನಪಿದೆಯಾ ನಿಂಗೆ? ನಿಂಗೆ ನಾಲ್ಕು ವರ್ಷ. ನೀರು ಕುಡಿಸಿ ಮಲಗಿಸ್ತಿದ್ದೆ. ಹೊಟ್ಟೆ ಹಸಿದ ಜೀವ ಅಳೋದು ಕೇಳಿ ಕೇಳಿ ನನಗೆ ಸಾಕಾಗಿದೆ."

ಆಮೆಗೆ ಅದು ನೆನಪಿರಲಿಲ್ಲ. ಅಕ್ಕನ ಸೊಂಟದ ಮೇಲೆ ಕೂತು ಎಲ್ಲೋ ಹೋಗುತ್ತಿದ್ದುದಷ್ಟೇ ನೆನಪು.

"ಅಕ್ಕ, ಶುಕ್ರವಾರ ಮೂವತ್ತು ಹೊರಡಬೇಕು. ನೀನೂ ಲಾರೀಲಿ ಬಾ. ನಿನ್ನ ಕಣ್ಣಾರೆ ನೋಡು. ಆಮೇಲೆ ನೀನು ಬೇಯಿಸ್ತೀನಿ ಅಂದ್ರೆ ಹಂಡೆ ಹೊರೋಕೆ ನಾನೇ ಬರ್ತೀನಿ."

"ಶುಕ್ರವಾರ ಒಂದು ಸತ್ರೆ?"

ಆಮೆ ಕಾಲ ಹೆಬ್ಬೆರಳಿನಿಂದ ನೆಲ ಕೆರೆದ.

"ಏನೋ ಮುಚ್ಚಿಡ್ತಿದೀಯ ನೀನು. ಚಿಕ್ಕಂದಿನಿಂದ ಹಾಗೇ, ಸುಳ್ಳು ಹೇಳುವಾಗ ಕಾಲ ಹೆಬ್ಬೆರಳಲ್ಲಿ ನೆಲ ಕೆರೀತೀಯ."

ಹೇಳಿದ. ಒಂದು ಸತ್ತರೂ ಗೇಟು ಮುಚ್ಚಿದ ಹಾಗೆ.

ಅಕ್ಕ ತೊಟ್ಟಿಯ ಅಂಚಿನ ಮೇಲೆ ಕೂತಳು. ಒಂದು ಹಂದಿ ಬಂದು ಅವಳ ಸೀರೆಯಂಚು ಜಗಿಯತೊಡಗಿತು. ಅವಳು ಬಿಡಿಸಿಕೊಳ್ಳಲಿಲ್ಲ.

ಗುರುವಾರ ಸಂಜೆ ನಾಲ್ಕು ಗಂಟೆಗೆ ಕೊನೆಯ ಊಟ ಹಾಕಿ, ನಲ್ಲಿ ತೆರೆದಿಟ್ಟು, ಅಕ್ಕ ದೊಡ್ಡಿಯ ಬಾಗಿಲು ಎಳೆದುಕೊಂಡಳು. ಶುಕ್ರವಾರ ಬೆಳಕು ಹರಿಯುವಾಗ ಆಮೆ ಲಾರಿ ತಂದರೆ, ಅವಳು ಸ್ನಾನ ಮಾಡಿ, ಹೊಸದಾಗಿ ಒಗೆದ ಸೀರೆಯುಟ್ಟು ದೊಡ್ಡಿಯ ಹೊರಗೆ ನಿಂತಿದ್ದಳು. ಒಳಗೆ ಮೂವತ್ತು ಗಂಟಲು ಒಟ್ಟಿಗೆ ಕೂಗುತ್ತಿದ್ದವು. ಇಷ್ಟು ಹೊತ್ತಿಗೆ ಹಂಡೆ ತಿರುವುತ್ತಿರಬೇಕಾಗಿದ್ದ ಅವಳ ಕೈಗಳಿಗೆ ಕೆಲಸವಿರಲಿಲ್ಲ. ಒಂದು ಕೈ ಇನ್ನೊಂದನ್ನು ಹಿಡಿದುಕೊಂಡಿತ್ತು.

"ನೀನೇನಾದ್ರೂ ತಿಂದ್ಯಾ?" ಎಂದು ಕೇಳಿದ ಆಮೆ.

"ಅವು ತಿಂದಿಲ್ಲ, ನಾನು ತಿನ್ಲಾ?"

ತುಂಬಿಸುವಾಗ ಅವಳು ತಮ್ಮನನ್ನು ಬಾಗಿಲ ಬಳಿಯೇ ತಡೆದಳು. "ನೀನು ಕೈಗೆ ಸಿಕ್ಕಿದ್ದನ್ನ ಸಿಕ್ಕ ಕಡೆ ತುಂಬ್ತೀಯ. ಒಂದು ಗೂಡಿಂದು ಒಂದು ಕಡೆ ಇರ್ಲಿ. ಈ ಮೊಂಡುಬಾಲದವಳನ್ನ ಆ ಕಿವಿಹರುಕನ ಪಕ್ಕ ಹಾಕಿದ್ರೆ ಮೂರು ಗಂಟೆನೂ ಕುಸ್ತಿ. ಹೊಟ್ಟೆ ಖಾಲಿ ಇದ್ದಾಗ ಅತ್ತೆ ಸೊಸೇನೇ ಒಂದು ಕಡೆ ಇರಲ್ಲ, ಹಂದಿ ಇರ್ತವಾ?" ಆಮೆ ಲಾರಿಯೊಳಗೆ ಅಡ್ಡಗಂಬಿ ಹಾಕಿ ಮೂರು ಭಾಗ ಮಾಡಿದ. ಇಪ್ಪತ್ತೆರಡು ವರ್ಷದಲ್ಲಿ ಅವನಿಗೆ ಹೊಳೆಯದೇ ಹೋಗಿದ್ದ ಮಾತು ಇದು. ಅವನು ಹಂದಿಗಳನ್ನು ದಾರಿಯಲ್ಲಿ ಮಾತ್ರ ಬಲ್ಲವನು.

ಹಿಂದಿನಿಂದ ಅಟ್ಟುವುದು ಬೇಕಾಗಲೇ ಇಲ್ಲ. ಅಕ್ಕ ಮುಂದೆ ನಡೆದಳು, ಅವು ಹಿಂದೆ ನಡೆದವು. ಲಾರಿಗೆ ಹತ್ತಿಸಲು ಇಟ್ಟ ಕಡಿದಾದ ಹಲಗೆಯ ಮೇಲೆ ಮಾತ್ರ ಒಂದೆರಡು ಜಾರಿ, ಹಿಂಜರಿದು, ಅವಳ ದನಿ ಕೇಳಿ ಮತ್ತೆ ಹತ್ತಿದವು. ಮೂವತ್ತೂ ಹತ್ತಲು ಕಾಲು ಗಂಟೆಯೂ ಹಿಡಿಯಲಿಲ್ಲ. ಆಮೆ ಖುಷಿಯಿಂದ ಏನೋ ಹೇಳಹೋದ. ಕ್ಯಾಬಿನ್ನಿಗೆ ಹತ್ತಿ ಕೂತ ಅಕ್ಕನ ಮುಖ ಕಂಡು ಬಾಯಿ ಮುಚ್ಚಿದ.

"ನನ್ನ ಕೈಯಲ್ಲಿ ಏನೋ ಇದೆ ಅಂದ್ಕೊಂಡು ಬಂದ್ವು," ಎಂದಳು ಅವಳು.

ಆಮೆ ಗೇರ್ ಹಾಕಿದ.

ಎರಡು ಗಂಟೆ ಎಲ್ಲ ಸುಸೂತ್ರವಾಗಿ ನಡೆಯಿತು. ಮೊದಲ ಅರ್ಧ ಗಂಟೆಯ ಗದ್ದಲ ಇಳಿದು, ಹಂದಿಗಳು ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದನ್ನು ಅಕ್ಕ ಹಿಂದಿನ ಕಿಂಡಿಯಿಂದ ಬಗ್ಗಿ ಬಗ್ಗಿ ನೋಡಿದಳು. ವಾಂತಿ ಇಲ್ಲ, ಬಾಯಿಯಲ್ಲಿ ನೊರೆ ಇಲ್ಲ. "ಮಲಗಿದಾವೆ ಕಣೋ," ಎಂದಳು, ನಂಬಿಕೆ ಬಾರದವಳ ಹಾಗೆ.

ಅಷ್ಟರಲ್ಲಿ ರೈಲ್ವೆ ಗೇಟು ಬಿತ್ತು.

ಮುಂದೆ ಹದಿನೈದು ಗಾಡಿ, ಹಿಂದೆ ಎಷ್ಟೋ. ನೆರಳಿಲ್ಲದ ರಸ್ತೆ. ಓಡುವ ಲಾರಿಯಲ್ಲಿ ಗಾಳಿ ಇರುತ್ತದೆ. ನಿಂತ ಲಾರಿ ಕಾದ ಬಾಣಲೆ. ಹಿಂದಿನ ನಾಲ್ಕು ಸಾಗಣೆಯಲ್ಲಿ ಎರಡು ಸಲ ಹಂದಿಗಳು ಸತ್ತದ್ದು ಈ ಗೇಟಿನಲ್ಲಿ ಕಾದ ದಿನವೇ ಎಂಬುದು ಆಮೆಗೆ ಈಗ ಹೊಳೆಯಿತು. ಐದು ನಿಮಿಷವಾಯಿತು. ಹಿಂದೆ ಮಲಗಿದ್ದವು ಒಂದೊಂದಾಗಿ ಎದ್ದವು. ಏದುಸಿರು ಕ್ಯಾಬಿನ್ನಿಗೂ ಕೇಳಿಸಿತು.

"ಕೂತ್ಕೊಂಡು ಏನ್ ನೋಡ್ತೀಯ?" ಅಕ್ಕ ಆಗಲೇ ಬಾಗಿಲು ತೆರೆದಿದ್ದಳು. "ಬಕೆಟ್ ಎಲ್ಲಿದೆ?"

ಗೇಟು ಕಾಯುವವನ ಮನೆಯ ಮುಂದೆ ಒಂದು ನಲ್ಲಿಯಿತ್ತು. ಅರವತ್ತೆರಡರ ಹೆಂಗಸು ಸೀರೆ ಎತ್ತಿ ಕಟ್ಟಿ ಬಕೆಟ್ ಹೊತ್ತಳು. ಆಮೆ ಕಂಬಿಯ ಸಂದಿನಿಂದ ಮಗ್ಗಿನಲ್ಲಿ ಒಂದೊಂದರ ಮೈಗೂ ನೀರು ಹೊಯ್ದ. ಮುಂದಿನ ಕಾರಿನವನು ಕಿಟಕಿ ಇಳಿಸಿ, "ಸಾಯೋಕೆ ಹೋಗೋ ಹಂದಿಗೆ ಸ್ನಾನ ಬೇರೆ," ಎಂದ.

"ಹೌದಪ್ಪ," ಎಂದಳು ಅಕ್ಕ ನಿಲ್ಲದೆ. "ನೀನೇನು ಸಾವಿರ ವರ್ಷ ಬದುಕ್ತೀಯ ಅಂತ ಇವತ್ತು ಸ್ನಾನ ಮಾಡ್ದೆ?"

ಕಾರಿನವನ ಹೆಂಡತಿ ನಕ್ಕುಬಿಟ್ಟಳು. ಅವನು ಕಿಟಕಿ ಏರಿಸಿಕೊಂಡ. ಹನ್ನೆರಡನೆಯ ಬಕೆಟ್ಟಿಗೆ ರೈಲು ಬಂತು.

ಕಸಾಯಿಖಾನೆಯ ಅಂಗಳಕ್ಕೆ ಬಂದಾಗ ಡಾಕ್ಟರಮ್ಮ ಕೈಯಲ್ಲಿ ಹಾಳೆ ಹಿಡಿದು ನಿಂತಿದ್ದಳು. ಗೇಟಿನವನೂ ಹಿಂದೆ ಬಂದು ನಿಂತ. ಬಾಗಿಲು ತೆರೆಯಿತು. ಇಲ್ಲಿ ಇಳಿಯುವ ಕಟ್ಟೆ ಲಾರಿಯ ನೆಲಕ್ಕೆ ಸಮನಾಗಿತ್ತು, ಅಲ್ಲಿಂದ ಉದ್ದಕ್ಕೆ, ಮೆಲ್ಲಗೆ ಕೆಳಗಿಳಿಯುತ್ತಿತ್ತು. ಒಂದು ಬಂತು, ಮೂತಿ ನೆಲಕ್ಕಿಟ್ಟು ಮೂಸಿತು, ನಡೆಯಿತು. ಅದರ ಹಿಂದೆ ಎರಡು. ಹತ್ತು. ಕಿವಿಹರುಕ. ಮೊಂಡುಬಾಲದವಳು. ಆಮೆ ಎಣಿಸುತ್ತಿದ್ದ, ಇಪ್ಪತ್ತೊಂಬತ್ತಕ್ಕೆ ನಿಂತುಹೋಯಿತು.

ಅಕ್ಕನೇ ಬಗ್ಗಿ ಒಳಗೆ ನೋಡಿದಳು. ಮುಂದಿನ ಮೂಲೆಯ ಒದ್ದೆ ಹುಲ್ಲಿನಲ್ಲಿ ಒಂದು ಮಲಗಿತ್ತು.

"ಏಯ್, ಸೋಮಾರಿ," ಎಂದಳು ಅಕ್ಕ.

ಒಂದು ಕಿವಿ ಆಡಿತು. ಹಂದಿ ಮುಂಗಾಲೂರಿ, ಹಿಂಗಾಲೂರಿ, ನಿದ್ದೆಗಣ್ಣಿನಲ್ಲಿ ಎದ್ದು, ಎಲ್ಲರನ್ನೂ ಕಾಯಿಸಿದ ದೊಡ್ಡ ಮನುಷ್ಯರ ಹಾಗೆ ನಿಧಾನವಾಗಿ ನಡೆದು ಬಂತು.

"ಮೂವತ್ತು," ಎಂದು ಡಾಕ್ಟರಮ್ಮ ಬರೆದುಕೊಂಡಳು. ಗೇಟಿನವನು ಆಮೆಯ ಬೆನ್ನಿಗೆ ಒಂದು ಗುದ್ದು ಕೊಟ್ಟು ತನ್ನ ಜಾಗಕ್ಕೆ ಹೋದ.

ಇಳಿದ ಹಂದಿಗಳು ದಣಿವಾರಿಸಿಕೊಳ್ಳುವ ನೆರಳಿನ ದೊಡ್ಡಿಯಲ್ಲಿ ಮೇಲಿನಿಂದ ತುಂತುರು ನೀರು ಬೀಳುತ್ತಿತ್ತು. ಅಕ್ಕ ಕಂಬಿ ಹಿಡಿದು ನೋಡುತ್ತ ನಿಂತಳು. ಡಾಕ್ಟರಮ್ಮ ಪಕ್ಕಕ್ಕೆ ಬಂದಳು.

"ನೀವೇನಾ ಬೇಯಿಸ್ತಿದ್ದೋರು?"

"ನಾನೇ ಕಣಮ್ಮ ತಪ್ಪು ಮಾಡಿದೋಳು. ಒಂದು ಕೇಳ್ತೀನಿ, ಸಮಾಧಾನಕ್ಕೆ ಅಂತ ಹೇಳ್ಬೇಡ. ಒಳಗೆ ನೋವಾಗುತ್ತಾ ಅವಕ್ಕೆ?"

ಡಾಕ್ಟರಮ್ಮ ಕೈಯಲ್ಲಿದ್ದ ಹಾಳೆ ಮಡಚಿದಳು. "ಮೊದಲು ಪ್ರಜ್ಞೆ ತಪ್ಪಿಸ್ತೀವಿ. ಸರಿಯಾಗಿ ಮಾಡಿದ್ರೆ ಆಮೇಲೆ ಅವಕ್ಕೆ ಏನೂ ಗೊತ್ತಾಗಲ್ಲ. ಸರಿಯಾಗಿ ಆಗ್ತಿದೆಯಾ ಅಂತ ನೋಡೋದೇ ನನ್ನ ಕೆಲಸ. ಹೆದರಿ, ಬಳಲಿ ಬಂದ ಹಂದಿ ಆದ್ರೆ ಅದಕ್ಕೂ ಕಷ್ಟ, ನಮಗೂ ಕಷ್ಟ. ಹೀಗೆ ಬಂದ್ರೆ," ಎಂದು ನೀರಿನ ಕೆಳಗೆ ಮಲಗಿದ್ದವನ್ನು ತೋರಿಸಿದಳು, "ಅರ್ಧ ಕೆಲಸ ನೀವೇ ಮಾಡಿಕೊಟ್ಟ ಹಾಗೆ."

ಅಕ್ಕ ತಲೆಯಾಡಿಸಿದಳು. ಕಂಬಿಯಿಂದ ಕೈ ತೆಗೆದು, ತಾನೇ ಮೊದಲು ಹಿಂದಿರುಗಿದಳು.

ಲಾರಿ ತೊಳೆದು ಹೊರಡುವಾಗ ಮಧ್ಯಾಹ್ನವಾಗಿತ್ತು. ರಸ್ತೆ ಬದಿಯ ಅಂಗಡಿಯಲ್ಲಿ ಬ್ರೆಡ್ಡು ಕೊಂಡು ಕ್ಯಾಬಿನ್ನಿನಲ್ಲೇ ತಿಂದರು. ಅಕ್ಕ ಚೆನ್ನಾಗಿಯೇ ತಿಂದಳು.

"ಮನೇಲಿ ಆ ಮನುಷ್ಯನಿಗೆ ಏನಂತ ಹೇಳ್ಲೋ? ಮೀಸೆ ತಿರುವ್ತಾರೆ."

"ತಿರುವ್ಲಿ ಬಿಡಕ್ಕ. ಬಲಗೈಗಾದ್ರೂ ವ್ಯಾಯಾಮ ಆಗುತ್ತೆ."

ಅಕ್ಕ ಮೂರು ದಿನದಿಂದ ನಕ್ಕಿರಲಿಲ್ಲ. ಈಗ ನಕ್ಕದ್ದಕ್ಕೆ ಬ್ರೆಡ್ಡು ಗಂಟಲಿಗೆ ಸಿಕ್ಕಿಕೊಂಡಿತು. ಆಮೆ ಬೆನ್ನು ತಟ್ಟಿ ನೀರು ಕೊಟ್ಟ. ಕುಡಿದು, ಅವಳು ಬಾಯಿ ಒರೆಸಿಕೊಂಡಳು. ಲಾರಿ ಮತ್ತೆ ಹೊರಟಿತು.

"ಅಲ್ಲಿಯ ಇಳಿಜಾರು ನೋಡಿದ್ಯಾ? ಒಂದಾದ್ರೂ ಜಾರಿತಾ? ನಮ್ಮನೆ ಹಲಗೆ ಏಣಿ ಇದ್ದ ಹಾಗಿದೆ. ಹತ್ತುವಾಗ್ಲೇ ಅರ್ಧ ಉಸಿರು ಅಲ್ಲೇ ಹೋಗುತ್ತೆ."

"ಮಣ್ಣು ತುಂಬಿ ಏರಿ ಮಾಡಿದ್ರೆ ಆಗುತ್ತೆ. ಮಾಡೋಣ, ಒಂದು ದಿನ."

"ಒಂದು ದಿನ ಯಾವುದು? ಮುಂದಿನ ಮೂವತ್ತು ಇನ್ನು ಹತ್ತು ದಿನಕ್ಕೆ ಹೊರಡುತ್ವೆ." ಅವಳು ಎಡಗಡೆಗೆ ಕೈ ತೋರಿಸಿದಳು. ರಸ್ತೆ ಅಗಲ ಮಾಡುವವರು ಅಗೆದ ಕೆಂಪು ಮಣ್ಣನ್ನು ಉದ್ದಕ್ಕೆ ರಾಶಿ ಹಾಕಿದ್ದರು. "ಅದು ಯಾರಿಗೂ ಬೇಡದ ಮಣ್ಣಲ್ವಾ? ಕೇಳಿ ನೋಡು. ಲಾರಿ ಖಾಲಿ ಹೋಗ್ತಿದೆ."

"ಈಗ್ಲೇನಾ?"

"ನಿನ್ನ ಆಮೆ ಅಂತ ಕರೆದೋರ ಬಾಯಿಗೆ ಸಕ್ಕರೆ ಹಾಕ್ಬೇಕು."

ಆಮೆ ಲಾರಿಯನ್ನು ಎಡಕ್ಕೆ ತೆಗೆದು ರಾಶಿಯ ಪಕ್ಕ ನಿಲ್ಲಿಸಿದ. ಕೆಲಸದವರ ಮೇಸ್ತ್ರಿ ಎಷ್ಟು ಬೇಕಾದರೂ ಒಯ್ಯಿರಿ ಎಂದ, ಎರಡು ಸಲಿಕೆಯನ್ನೂ ಕೊಟ್ಟ. ಅಕ್ಕ ಚಪ್ಪಲಿ ಬಿಟ್ಟು ರಾಶಿಯ ಮೇಲೆ ನಾಲ್ಕು ಹೆಜ್ಜೆ ಹತ್ತಿದಳು, ಇಳಿದಳು, ಇನ್ನೊಂದು ಬದಿಯಿಂದ ಮತ್ತೆ ಹತ್ತಿದಳು.

"ಏನಕ್ಕ ಮಾಡ್ತಿದೀಯ?"

"ಇಳಿಜಾರು ಎಷ್ಟಿರ್ಬೇಕು ಅಂತ ನೋಡ್ತಿದೀನಿ. ನನ್ನ ಮಂಡಿ ಬೈಯದೆ ಹತ್ತಿದ್ರೆ ಅವುಗಳದ್ದೂ ಬೈಯಲ್ಲ." ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನೆಲದಿಂದ ಒಂದು ಸಲಿಕೆ ಎತ್ತಿಕೊಂಡಳು. "ಇಷ್ಟು. ಇದಕ್ಕಿಂತ ಕಡಿದಾಗಬಾರದು. ಹ್ಞೂಂ, ಹಿಂದಿನ ಬಾಗಿಲು ತೆಗಿ."